ಪ್ಲಾನಿಂಗ್ ಪಿಜಿಗೆ ದುಡ್ಡು ಎಲ್ಲಿಂದ? ಕಾಸರಗೋಡಿನ ಮಕ್ಕಳಿಗೆ ಒಂದು ಲೆಕ್ಕಾಚಾರ

ನಮ್ಮ ಕಡೆ ಒಂದು ಪದ್ಧತಿ ಉಂಟು, ಮೊದ್ಲು ಸೀಟು ಸಿಗ್ಲಿ ಆಮೇಲೆ ದುಡ್ಡಿನ ವಿಷಯ ನೋಡುವ ಅಂತ. ಡಿಗ್ರಿಗೆ ಅದು ನಡೀತದೆ. ಆದ್ರೆ ಅರ್ಬನ್ ಪ್ಲಾನಿಂಗಲ್ಲಿ, ಅಂದ್ರೆ ನಗರ ಯೋಜನೆಯಲ್ಲಿ, ಮಾಸ್ಟರ್ಸ್ ಮಾಡ್ತೇನೆ ಅಂತ ಹೊರಟವರಿಗೆ ನಡಿಯುದಿಲ್ಲ, ಯಾಕಂದ್ರೆ ಇಲ್ಲಿ ನೀವು ಯಾವ ದಾರಿಯಲ್ಲಿ ಸೀಟು ತಗೊಳ್ತೀರಿ ಅನ್ನುದರ ಮೇಲೇ ದುಡ್ಡು ನಿಂತಿರ್ತದೆ. ಪಿಜಿ ಸೀಟಿಗೆ ಇರುವ ದೇಶಮಟ್ಟದ ಗೇಟ್ ಪರೀಕ್ಷೆ ಬರ್ದು ಸೇರಿದವನಿಗೆ ತಿಂಗಳಿಗೆ 12,400 ರೂಪಾಯಿ, ಅದೇ ಕ್ಲಾಸಲ್ಲಿ ಪಕ್ಕದ ಬೆಂಚಲ್ಲಿ ಗೇಟ್ ಇಲ್ಲದೆ ಕೂತವನಿಗೆ ಸೊನ್ನೆ. ಅಮೆರಿಕದ್ದು ಕೇಳಿದ್ರೆ, ಡಿಸೆಂಬರಲ್ಲಿ ಅಪ್ಲಿಕೇಶನ್ ಹಾಕಿದವಳಿಗೆ ಅಸಿಸ್ಟೆಂಟ್‌ಶಿಪ್ಪಿನ ಲಿಸ್ಟಲ್ಲಿ ಹೆಸರು ಇರ್ಬಹುದು, ಮಾರ್ಚಲ್ಲಿ ಹಾಕಿದವನಿಗೆ ಬರೀ ಅಡ್ಮಿಷನ್ ಲೆಟರ್ ಮಾತ್ರ.

ಇದು ಬಿ.ಆರ್ಕ್, ಬಿ.ಪ್ಲಾನ್, ಸಿವಿಲ್ ಮಾಡಿದವರಿಗೆ, ಮತ್ತೆ ಜಿಯಾಗ್ರಫಿ, ಇಕನಾಮಿಕ್ಸ್, ಸೋಶಿಯಾಲಜಿಯಲ್ಲಿ ಎಂಎ ಮಾಡಿ ಮುಂದೆ ಎಂತ ಅಂತ ನೋಡ್ತಾ ಇರುವವರಿಗೆ. ಎಂಎ ಮಾಡಿದವರನ್ನೂ ಪ್ಲಾನಿಂಗಿಗೆ ತಗೊಳ್ಳುವ ಕಾಲೇಜುಗಳು ಉಂಟು, ಅದು ಗೊತ್ತಿಲ್ಲದೆ ಎಷ್ಟೋ ಜನ ಅಪ್ಲೈಯೇ ಮಾಡುದಿಲ್ಲ.

ಶುರು ಮಾಡುವ ಮುಂಚೆ ಒಂದು ಸಂಗತಿ ತಲೆಯಲ್ಲಿಟ್ಟುಕೊಳ್ಳಿ. ದುಡ್ಡಲ್ಲಿ ಮೂರು ನಮೂನೆ. ಒಂದು ಪೇಪರ್ ತೋರಿಸಿ ಬರುವ ದುಡ್ಡು, ಅಂದ್ರೆ ಜಾತಿ, ಆದಾಯ, ಮಾರ್ಕು ನೋಡಿ ಕೊಡುವ ಸ್ಕಾಲರ್‌ಶಿಪ್. ಎರಡನೇದು ಕಾಲೇಜಲ್ಲೇ ಕೆಲಸ ಮಾಡಿ ಬರುವ ದುಡ್ಡು, ಅದೇ ಅಸಿಸ್ಟೆಂಟ್‌ಶಿಪ್. ಮೂರನೇದು ವಾಪಸ್ ಕಟ್ಟಬೇಕಾದ ದುಡ್ಡು, ಲೋನು. ಮೊದಲನೇದಕ್ಕೆ ವಿಲ್ಲೇಜ್ ಆಫೀಸಿಗೆ ಹೋಗ್ಬೇಕು, ಎರಡನೇದಕ್ಕೆ ಪ್ರೊಫೆಸರ ಹತ್ರ ಹೋಗ್ಬೇಕು, ಎರಡೂ ಆಗಿ ಉಳಿದದ್ದಕ್ಕೆ ಮಾತ್ರ ಬ್ಯಾಂಕಿಗೆ. ನಮ್ಮವರು ಸಾಮಾನ್ಯ ಮಾಡುದು ಇದರ ಉಲ್ಟಾ, ಸೀದಾ ಬ್ಯಾಂಕಿಗೆ ಹೋಗಿ ಜಾಗದ ಪತ್ರ ಇಟ್ಟು ಬರುದು.

ಮೊದಲನೇ ಕೆಲಸ: ಗೇಟ್ ಬರೀರಿ, ಫಾರಿನ್ನಿಗೆ ಹೋಗುವ ಮನಸ್ಸಿದ್ರೂ ಬರೀರಿ

ಗೇಟಲ್ಲಿ ಆರ್ಕಿಟೆಕ್ಚರ್ ಆಂಡ್ ಪ್ಲಾನಿಂಗ್ ಅಂತ ಒಂದು ಪೇಪರ್ ಉಂಟು, ಕೋಡ್ ಎಆರ್. ಅದರಲ್ಲಿ ಒಂದು ಭಾಗ ಎಲ್ಲರಿಗೂ, ಇನ್ನೊಂದು ಭಾಗದಲ್ಲಿ ಆರ್ಕಿಟೆಕ್ಚರ್ ಇಲ್ಲಾ ಪ್ಲಾನಿಂಗ್ ಯಾವುದಾದ್ರೂ ಒಂದನ್ನು ನೀವೇ ಆರಿಸ್ಬಹುದು. ಸಿವಿಲ್‌ನವರು ಸಿವಿಲ್ ಪೇಪರ್ ಬರ್ದು ಕೂಡ ಹಲವು ಕಡೆ ಅರ್ಹರಾಗ್ತಾರೆ, ಆದ್ರೆ ಎಲ್ಲಾ ಕಡೆ ಅಲ್ಲ, ಹಾಗಾಗಿ ಬರೀಬೇಕಾದ ಪೇಪರ್ ಯಾವುದು ಅಂತ ನೋಡುವ ಮೊದ್ಲು ನಿಮ್ಗೆ ಬೇಕಾದ ಕಾಲೇಜಿನ ಅರ್ಹತೆಯ ಟೇಬಲ್ ನೋಡಿ. ರಿಜಿಸ್ಟ್ರೇಷನ್ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ತೆರೀತದೆ, ಪರೀಕ್ಷೆ ಫೆಬ್ರವರಿಯಲ್ಲಿ, ರಿಸಲ್ಟ್ ಮಾರ್ಚಲ್ಲಿ. ಡಿಗ್ರಿಯ ಮೂರನೇ ವರ್ಷದಲ್ಲಿರುವವರೂ ಬರೀಬಹುದು, ಸ್ಕೋರ್ ಮೂರು ವರ್ಷ ನಡೀತದೆ, ಹಾಗಾಗಿ ಬಿ.ಆರ್ಕ್ ನಾಲ್ಕನೇ ವರ್ಷದಲ್ಲೇ ಒಮ್ಮೆ ಕೈ ನೋಡುದು ಒಳ್ಳೇದು. ನಮ್ಮವರಿಗೆ ಸೆಂಟರ್ ಮಂಗಳೂರು ಹಾಕಿದ್ರೆ ಬೆಳಿಗ್ಗೆ ಬಸ್ಸಲ್ಲಿ ಹೋಗಿ ಬರ್ಬಹುದು.

ರಿಸಲ್ಟ್ ಆದ ಮೇಲೆ ದಾರಿ ಬೇರೆ ಬೇರೆ ಆಗ್ತದೆ. ಐಐಟಿಗಳಲ್ಲಿ ಖರಗ್‌ಪುರದಲ್ಲಿ ಸಿಟಿ ಪ್ಲಾನಿಂಗ್, ರೂರ್ಕಿಯಲ್ಲಿ ಅರ್ಬನ್ ಆಂಡ್ ರೂರಲ್ ಪ್ಲಾನಿಂಗ್ ಉಂಟು, ಅಲ್ಲಿಗೆ ಆಯಾ ಐಐಟಿಯ ಪೋರ್ಟಲಲ್ಲಿ ಅರ್ಜಿ ಹಾಕಿ ಆಫರ್ ಬಂದದ್ದನ್ನು ಸಿಒಎಪಿ ಅನ್ನುವ ಪೋರ್ಟಲಲ್ಲಿ ಒಪ್ಪಿಕೊಳ್ಬೇಕು. ಎನ್‌ಐಟಿಗಳಿಗೆ, ಭೋಪಾಲ್ ಮತ್ತೆ ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಆಂಡ್ ಆರ್ಕಿಟೆಕ್ಚರಿಗೆ (ಎಸ್‌ಪಿಎ) ಸಿಸಿಎಂಟಿ ಅನ್ನುವ ಒಟ್ಟು ಕೌನ್ಸೆಲಿಂಗ್. ನಮಗೆ ಹತ್ತಿರದ್ದು ಕ್ಯಾಲಿಕಟ್ ಎನ್‌ಐಟಿ, ಅಲ್ಲಿ ಅರ್ಬನ್ ಪ್ಲಾನಿಂಗಲ್ಲಿ ಎಂ.ಪ್ಲಾನ್ (ಮಾಸ್ಟರ್ ಆಫ್ ಪ್ಲಾನಿಂಗ್) ಉಂಟು, ರೈಲು ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಕೋಝಿಕ್ಕೋಡು. ಮೈಸೂರು ವಿಶ್ವವಿದ್ಯಾನಿಲಯದ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸಲ್ಲಿ ಅರ್ಬನ್ ಆಂಡ್ ರೀಜನಲ್ ಪ್ಲಾನಿಂಗಲ್ಲಿ ಎಂಟೆಕ್ ಉಂಟು. ಅಹಮದಾಬಾದಿನ ಸೆಪ್ಟ್ ಯೂನಿವರ್ಸಿಟಿಯ ಹೆಸರು ದೊಡ್ಡದು, ಫೀಸೂ ದೊಡ್ಡದು, ಅಲ್ಲಿ ಸೇರುದಾದ್ರೆ ಅವರದ್ದೇ ಸ್ಕಾಲರ್‌ಶಿಪ್ ಅರ್ಜಿ ಯಾವಾಗ ಅಂತ ಸೀಟು ಒಪ್ಪಿಕೊಳ್ಳುವ ಮುಂಚೆ ಕೇಳಿ.

ಫಾರಿನ್ನಿಗೆ ಹೋಗುವವರಿಗೆ ಗೇಟ್ ಯಾಕೆ ಅಂತ ಕೇಳ್ಬಹುದು. ಅಲ್ಲಿಯ ಆಫರಿಗೆ ಫಂಡಿಂಗ್ ಬಾರದಿದ್ರೆ ಏಪ್ರಿಲ್ ಮೇ ತಿಂಗಳಲ್ಲಿ ಕೈಯಲ್ಲಿ ಇನ್ನೊಂದು ದಾರಿ ಇರ್ಬೇಕಲ್ಲ, ಅದಕ್ಕೆ. ಕೈಯಲ್ಲಿ ಏನೂ ಇಲ್ಲದವನು ಮೂವತ್ತು ನಲ್ವತ್ತು ಲಕ್ಷ ಲೋನಿಗೆ ಬೇಗ ಸೈ ಹಾಕ್ತಾನೆ.

12,400ರ ಒಳಗಿನ ಸಂಗತಿ

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಜನ ಇದನ್ನು ಸುಮ್ನೆ ಸಿಗುವ ಸ್ಕಾಲರ್‌ಶಿಪ್ ಅಂತ ತಿಳ್ಕೊಳ್ತಾರೆ. ಅಲ್ಲ. ಐಐಟಿ ಎನ್‌ಐಟಿಗಳಲ್ಲಿ ಇದು ಟೀಚಿಂಗ್ ಅಸಿಸ್ಟೆಂಟ್‌ಶಿಪ್, ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಅಪ್ರೂವಲ್ ಇರುವ ಬೇರೆ ಕಾಲೇಜುಗಳಲ್ಲಿ ಎಐಸಿಟಿಇಯ ಪಿಜಿ ಸ್ಕಾಲರ್‌ಶಿಪ್, ಎರಡರಲ್ಲೂ ವಾರಕ್ಕೆ ಸುಮಾರು 8 ಗಂಟೆ ಡಿಪಾರ್ಟ್‌ಮೆಂಟಿನ ಕೆಲಸ ಮಾಡ್ಬೇಕು. ಪ್ಲಾನಿಂಗಲ್ಲಿ ಆ ಕೆಲಸ ಅಂದ್ರೆ ಜೂನಿಯರುಗಳ ಸ್ಟುಡಿಯೋದಲ್ಲಿ (ಪ್ರಾಕ್ಟಿಕಲ್ ಕ್ಲಾಸಲ್ಲಿ) ಬೇಸ್ ಮ್ಯಾಪ್ ನೋಡಿಕೊಡುದು, ಜಿಐಎಸ್ (ಕಂಪ್ಯೂಟರಲ್ಲಿ ಮ್ಯಾಪ್ ಮಾಡುವ ತಂತ್ರ) ಲ್ಯಾಬಲ್ಲಿ ಕೂರುದು, ಸರ್ವೆಯ ಫಾರ್ಮುಗಳನ್ನು ಎಕ್ಸೆಲ್ಲಿಗೆ ಹಾಕುದು, ಪರೀಕ್ಷೆಗೆ ಇನ್ವಿಜಿಲೇಶನ್. ಎಐಸಿಟಿಇದ್ದು 24 ತಿಂಗಳು ಇಲ್ಲಾ ಕೋರ್ಸ್ ಮುಗಿಯುವ ತನಕ, ಯಾವುದು ಮೊದ್ಲೋ ಅದು. ಇದು ಬರುವಾಗ ಬೇರೆ ಸ್ಕಾಲರ್‌ಶಿಪ್ಪೋ ಸಂಬಳವೋ ತಗೊಳ್ಳುವ ಹಾಗಿಲ್ಲ, ಎರಡು ಕಡೆಯಿಂದ ತಗೊಂಡು ಸಿಕ್ಕಿಬಿದ್ರೆ ವಾಪಸ್ ಕಟ್ಟಬೇಕಾಗ್ತದೆ.

ಕಾಲೇಜು ಆರಿಸುವಾಗ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಈ ವರ್ಷಕ್ಕೆ ಎಂ.ಪ್ಲಾನ್ ಕೋರ್ಸಿಗೆ ಎಐಸಿಟಿಇ ಅಪ್ರೂವಲ್ ಉಂಟಾ, ಹೋದ ವರ್ಷದ ಬ್ಯಾಚಿನವರಿಗೆ ಸ್ಟೈಪೆಂಡ್ ಬಂದಿದೆಯಾ. ಎರಡನೇ ಪ್ರಶ್ನೆಗೆ ಆಫೀಸಿನವರು ತಡವರಿಸಿದ್ರೆ ಸೀನಿಯರ್ ಒಬ್ಬರ ನಂಬರ್ ಹುಡುಕಿ ಕೇಳಿ.

ದುಡ್ಡು ಬರುದು ಸೀದಾ ನಿಮ್ಮ ಖಾತೆಗೆ, ಆಧಾರ್ ಮೂಲಕ. ಇಲ್ಲಿ ನಮ್ಮ ಗಡಿಯವರಿಗೆ ಒಂದು ವಿಶೇಷ ತಾಪತ್ರಯ ಉಂಟು. ಹೆಚ್ಚಿನವರಿಗೆ ಊರಲ್ಲಿ ಒಂದು ಖಾತೆ, ಮಂಗಳೂರಲ್ಲಿ ಓದುವಾಗ ಮಾಡಿದ್ದು ಒಂದು ಖಾತೆ, ಎರಡಕ್ಕೂ ಆಧಾರ್ ಕೊಟ್ಟಿರ್ತಾರೆ. ಸರಕಾರದ ದುಡ್ಡು ಹೋಗುದು ಆಧಾರ್ ಕೊನೇದಾಗಿ ಯಾವ ಖಾತೆಗೆ ಸೀಡ್ (ಜೋಡಣೆ) ಆಗಿದೆಯೋ ಅದಕ್ಕೆ, ನೀವು ಫಾರ್ಮಲ್ಲಿ ಯಾವ ನಂಬರ್ ಬರೆದಿದ್ದೀರಿ ಅಂತ ನೋಡಿ ಅಲ್ಲ. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಉಂಟು, ಅದನ್ನು ನೋಡಿ, ಬೇಡದ ಬ್ಯಾಂಕ್ ತೋರಿಸಿದ್ರೆ ಬೇಕಾದ ಬ್ಯಾಂಕಿಗೆ ಹೋಗಿ ಸೀಡಿಂಗ್ ಫಾರ್ಮ್ ಕೊಡಿ. ಜಾಯಿಂಟ್ ಖಾತೆ, ಅಪ್ಪನ ಜೊತೆ ಇರುವ ಖಾತೆ, ಝೀರೋ ಬ್ಯಾಲೆನ್ಸಿನ ಲಿಮಿಟ್ ಇರುವ ಖಾತೆ ಎಲ್ಲ ಬೇಡ, ನಿಮ್ಮೊಬ್ಬರ ಹೆಸರಿನ ಮಾಮೂಲಿ ಎಸ್‌ಬಿ ಖಾತೆಯೇ ಆಗ್ಬೇಕು.

ಇನ್ನೊಂದು, ಮೊದಲ ಕಂತು ಸೇರಿದ ತಿಂಗಳೇ ಬರ್ತದೆ ಅಂತ ನಂಬಿ ಹೋಗ್ಬೇಡಿ. ವೆರಿಫಿಕೇಶನ್, ಅಪ್ರೂವಲ್, ಹಾಜರಿ ಅಂತ ತಿಂಗಳುಗಳೇ ಹೋಗುದುಂಟು, ಮತ್ತೆ ಬಾಕಿ ಸೇರಿಸಿ ಒಟ್ಟಿಗೆ ಬರ್ತದೆ. ಹಾಸ್ಟೆಲ್ ಮೆಸ್ಸಿಗೆ ಮೂರು ನಾಲ್ಕು ತಿಂಗಳಿನದ್ದು ಕೈಯಲ್ಲಿಟ್ಟುಕೊಂಡೇ ಹೊರಡಿ.

ಎರಡನೇ ಕೆಲಸ: ಪೇಪರುಗಳು, ಜೂನಲ್ಲಿ ಅಲ್ಲ, ಜನವರಿಯಲ್ಲಿ

ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಸೆಂಟರಿಗೆ ಹೋಗಿ "ಅಕ್ಕ, ಒಂದು ಇನ್‌ಕಮ್ ಸರ್ಟಿಫಿಕೇಟ್" ಅಂದ್ರೆ ಆಗ್ಲಿಲ್ಲ. ಯಾವುದಕ್ಕೆ ಅಂತ ಹೇಳ್ಬೇಕು. ಕೇರಳದಲ್ಲಿ ಒಬಿಸಿಯವರ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟ್ ರಾಜ್ಯದ ಉಪಯೋಗಕ್ಕೆ ವಿಲ್ಲೇಜ್ ಆಫೀಸರ್ ಕೊಡ್ತಾರೆ, ಕೇಂದ್ರದ ಉಪಯೋಗಕ್ಕೆ ತಹಸೀಲ್ದಾರ್ ಕೊಡ್ಬೇಕು. ಜನರಲ್‌ನವರಲ್ಲಿ ಆದಾಯ ಕಡಿಮೆ ಇರುವವರ ಇಡಬ್ಲ್ಯೂಎಸ್ ಕೂಡ ಹಾಗೆಯೇ. ಐಐಟಿ, ಎನ್‌ಐಟಿ, ಎಸ್‌ಪಿಎ, ಎಐಸಿಟಿಇ ಎಲ್ಲ ಕೇಂದ್ರದ್ದು. ವಿಲ್ಲೇಜ್ ಆಫೀಸರ ಸೈ ಇರುವ ಸರ್ಟಿಫಿಕೇಟ್ ಹಿಡ್ಕೊಂಡು ಭೋಪಾಲಿಗೆ ಹೋದ್ರೆ ಒಬಿಸಿ ಸೀಟು ಜನರಲ್ ಆಗಿ ಹೋಗ್ತದೆ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಕೇರಳದ ಹೆಸರಿನ ಕೆಳಗೆ ನಿಮ್ಮ ಜಾತಿ ಉಂಟಾ ಅಂತಲೂ ನೋಡ್ಬೇಕು, ಗಡಿ ದಾಟಿದ್ರೆ ಒಂದೇ ಜಾತಿ ಒಂದು ರಾಜ್ಯದ ಪಟ್ಟಿಯಲ್ಲಿ ಇದ್ದು ಇನ್ನೊಂದರಲ್ಲಿ ಇರುದಿಲ್ಲ. ಸರ್ಟಿಫಿಕೇಟ್ ಇಂಗ್ಲಿಷಲ್ಲೇ ಕೇಳಿ ತಗೊಳ್ಳಿ, ಮಲಯಾಳದ್ದು ಉತ್ತರ ಭಾರತದ ಕೌಂಟರಲ್ಲಿ ಓದುವವರಿಲ್ಲ.

ಹೆಸರಿನ ಗೋಳು ನಮಗೆ ಬೇರೆಯವರಿಗಿಂತ ಒಂದು ಪಟ್ಟು ಜಾಸ್ತಿ. ಮನೆಯಲ್ಲಿ ಕನ್ನಡ ಇಲ್ಲಾ ತುಳು, ಆಫೀಸಲ್ಲಿ ಬರೆದದ್ದು ಮಲಯಾಳದಲ್ಲಿ, ಅದರಿಂದ ಇಂಗ್ಲಿಷಿಗೆ ಹೋದಾಗ ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು. ಎಸ್ಸೆಸ್ಸೆಲ್ಸಿ ಬುಕ್ಕಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರಲ್ಲಿ ಅಪ್ಪನ ಹೆಸರು ಪೂರ್ತಿ, ಪಾನ್ ಕಾರ್ಡಲ್ಲಿ ಮನೆತನದ ಹೆಸರು. ಕೇರಳದಲ್ಲಿ ಇದಕ್ಕೆ ವಿಲ್ಲೇಜ್ ಆಫೀಸಿಂದ ಒನ್ ಆಂಡ್ ಸೇಮ್ ಸರ್ಟಿಫಿಕೇಟ್ ಅಂತ ಸಿಗ್ತದೆ, ಈ ಎರಡು ಹೆಸರಿನವರು ಒಬ್ಬರೇ ಅಂತ ಅದರಲ್ಲಿ ಬರೆದಿರ್ತದೆ. ಒಂದು ತಗೊಂಡಿಟ್ಟುಕೊಳ್ಳಿ, ಆದ್ರೆ ಪಾಸ್‌ಪೋರ್ಟಿಗೆ ಮತ್ತು ಅಮೆರಿಕದ ಯೂನಿವರ್ಸಿಟಿಗೆ ಇದು ಸಾಕಾಗುದಿಲ್ಲ, ಅಲ್ಲಿಗೆ ಆಧಾರನ್ನೇ ಎಸ್ಸೆಸ್ಸೆಲ್ಸಿಯ ಹಾಗೆ ತಿದ್ದಿಸುದು ಮೇಲು.

ಈಗ ಜನ ಹೆಚ್ಚು ಗೊಂದಲ ಮಾಡಿಕೊಳ್ಳುವ ವಿಷಯ. ನಾವು ಕನ್ನಡದವರಲ್ವಾ, ಮೈಸೂರಲ್ಲಿ ಸೇರಿದ್ರೆ ಕರ್ನಾಟಕದ ಸ್ಕಾಲರ್‌ಶಿಪ್ ಸಿಗುದಿಲ್ವಾ? ಗಡಿನಾಡ ಕನ್ನಡಿಗ, ಹೊರನಾಡ ಕನ್ನಡಿಗ ಅನ್ನುದು ಕರ್ನಾಟಕದ ಸಿಇಟಿಯಲ್ಲಿ ಸೀಟಿನ ಅರ್ಹತೆಗೆ ಇರುವ ಕಲಮು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರ ಹೆಸರು ಅದರಲ್ಲಿ ಉಂಟು. ಸೀಟು ಬೇರೆ ಸ್ಕಾಲರ್‌ಶಿಪ್ ಬೇರೆ. ಕರ್ನಾಟಕದ ಎಸ್‌ಎಸ್‌ಪಿ ಅನ್ನುವ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಜಾತಿ ಆದಾಯದ ಜಾಗದಲ್ಲಿ ಆರ್‌ಡಿ ನಂಬರ್ ಕೇಳ್ತದೆ, ಅದು ಕರ್ನಾಟಕದ ನಾಡಕಚೇರಿ ಕೊಡುವ ನಂಬರು, ನಮ್ಮ ವಿಲ್ಲೇಜ್ ಆಫೀಸಿನ ಸರ್ಟಿಫಿಕೇಟಲ್ಲಿ ಅದು ಇರುದಿಲ್ಲ. ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ನೀವು ಓದುವ ರಾಜ್ಯದ್ದಲ್ಲ, ನಿಮ್ಮ ಮನೆ ಇರುವ ರಾಜ್ಯದ್ದು, ಅಂದ್ರೆ ನಮಗೆ ಕೇರಳದ ಇ-ಗ್ರಾಂಟ್ಸ್ ಪೋರ್ಟಲ್. ಕೇರಳದ ಹೊರಗೆ ಓದುವವರು ಮೊದ್ಲು ಜಿಲ್ಲಾ ಆಫೀಸಿಗೆ ಹೋಗಿ, ಎಸ್‌ಸಿ ಆದ್ರೆ ಎಸ್‌ಸಿ ಡೆವಲಪ್‌ಮೆಂಟ್ ಆಫೀಸು, ಎಸ್‌ಟಿ ಆದ್ರೆ ಟ್ರೈಬಲ್ ಡೆವಲಪ್‌ಮೆಂಟ್ ಆಫೀಸು, ಕೋರ್ಸಿನ ಹೆಸರು ಮತ್ತು ಕಾಲೇಜಿನ ಹೆಸರು ಹೇಳಿ ಕೇಳಿ ಬನ್ನಿ, ಆಮೇಲೆ ಅರ್ಜಿ. ಅಲ್ಲಿ ಕನ್ನಡದಲ್ಲೇ ಮಾತಾಡಿ, ಕನ್ನಡದಲ್ಲೇ ಅರ್ಜಿ ಬರ್ದು ಕೊಡಿ, ನಮ್ಮ ಜಿಲ್ಲೆಯಲ್ಲಿ ಅದು ನಮ್ಮ ಹಕ್ಕು.

ಮೂರನೇ ಕೆಲಸ: ಅಮೆರಿಕದ ಅಸಿಸ್ಟೆಂಟ್‌ಶಿಪ್ ಹೇಗೆ ನಡೀತದೆ

ಅಲ್ಲಿ ಪ್ಲಾನಿಂಗ್ ಮಾಸ್ಟರ್ಸ್ ಎರಡು ವರ್ಷದ್ದು, ಅಲ್ಲಿಯ ಪ್ಲಾನಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಪ್ಲಾನಿಂಗ್ ಅಕ್ರೆಡಿಟೇಶನ್ ಬೋರ್ಡಿನ ಪಟ್ಟಿಯಲ್ಲಿ ಇರುವ ಕೋರ್ಸನ್ನೇ ನೋಡಿ. ಒಂದು ಕಹಿ ಸತ್ಯ ಮೊದ್ಲೇ ಹೇಳಿಬಿಡ್ತೇನೆ: ಪಿಎಚ್‌ಡಿಯವರಿಗೆ ಪೂರ್ತಿ ಫಂಡಿಂಗ್ ಸಾಮಾನ್ಯ, ಮಾಸ್ಟರ್ಸಿನವರಿಗೆ ಅಲ್ಲ. ಡಿಪಾರ್ಟ್‌ಮೆಂಟಲ್ಲಿ ಇರುವ ಅಸಿಸ್ಟೆಂಟ್‌ಶಿಪ್ ಮೊದ್ಲು ಪಿಎಚ್‌ಡಿಯವರಿಗೆ ಹೋಗಿ ಉಳಿದದ್ದು ಮಾಸ್ಟರ್ಸಿನವರಿಗೆ. ದೊಡ್ಡ ಹೆಸರಿನ ಪ್ರೈವೇಟ್ ಯೂನಿವರ್ಸಿಟಿಗಳು ಹೆಚ್ಚಾಗಿ ಟ್ಯೂಷನಲ್ಲಿ, ಅಂದ್ರೆ ಕೋರ್ಸಿನ ಫೀಸಲ್ಲಿ, ಸ್ವಲ್ಪ ಕಡಿಮೆ ಮಾಡಿ ಕೊಡ್ತವೆ, ಅಸಿಸ್ಟೆಂಟ್‌ಶಿಪ್ ಜಾಸ್ತಿ ಕಾಣುದು ಸ್ಟೇಟ್ ಯೂನಿವರ್ಸಿಟಿಗಳಲ್ಲಿ. ರ‍್ಯಾಂಕಿಂಗ್ ಮಾತ್ರ ನೋಡಿ ಪಟ್ಟಿ ಮಾಡುವವರು ಇದನ್ನು ನೋಡುದೇ ಇಲ್ಲ.

ಲೆಕ್ಕ ಹೀಗೆ. ಫಿಫ್ಟಿ ಪರ್ಸೆಂಟ್ ಅಪಾಯಿಂಟ್‌ಮೆಂಟ್ ಅಂದ್ರೆ ವಾರಕ್ಕೆ 20 ಗಂಟೆ ಕೆಲಸ, 25 ಪರ್ಸೆಂಟ್ ಅಂದ್ರೆ 10 ಗಂಟೆ. ವಿದ್ಯಾರ್ಥಿಗಳ ಎಫ್-1 ವೀಸಾದವರು ಕ್ಲಾಸು ನಡೆಯುವಾಗ ಕ್ಯಾಂಪಸ್ಸಲ್ಲಿ 20 ಗಂಟೆಗಿಂತ ಹೆಚ್ಚು ಮಾಡುವ ಹಾಗಿಲ್ಲ, ಹಾಗಾಗಿ ಫಿಫ್ಟಿ ಪರ್ಸೆಂಟ್ ಸಿಕ್ಕಿತು ಅಂದ್ರೆ ಮತ್ತೆ ಕೆಫೆಯಲ್ಲಿ ಬೇರೆ ಕೆಲಸ ಇಲ್ಲ. ತಿಂಗಳ ಸ್ಟೈಪೆಂಡಿಗಿಂತ ದೊಡ್ಡದು ಟ್ಯೂಷನ್ ವೇವರ್, ಅಂದ್ರೆ ಫೀಸು ಮಾಫಿ. ಉದಾಹರಣೆಗೆ ಇಲಿನಾಯ್ ಅರ್ಬಾನಾ ಶಾಂಪೇನಲ್ಲಿ ಅಪಾಯಿಂಟ್‌ಮೆಂಟ್ 25ರಿಂದ 67 ಪರ್ಸೆಂಟಿನ ಒಳಗೆ ಇದ್ರೆ ವೇವರ್ ಬರ್ತದೆ, ಅಂದ್ರೆ ವಾರಕ್ಕೆ 10 ಗಂಟೆಯ ಕೆಲಸವೂ ಟ್ಯೂಷನ್ ಉಳಿಸ್ತದೆ. ಬೇರೆ ಕಡೆ 25 ಪರ್ಸೆಂಟಿಗೆ ಅರ್ಧ ವೇವರ್ ಮಾತ್ರ ಇರ್ಬಹುದು, ಇಲ್ಲಾ ಹೊರಗಿನವರ ಔಟ್ ಆಫ್ ಸ್ಟೇಟ್ ಫೀಸನ್ನು ಆ ರಾಜ್ಯದವರ ಇನ್ ಸ್ಟೇಟ್ ಫೀಸು ಮಾಡಿ ಬಿಡ್ತಾರೆ ಅಷ್ಟೇ. ಆಫರ್ ಲೆಟರಲ್ಲಿ ಈ ಐದು ವಿಷಯ ಹುಡುಕಿ: ಎಷ್ಟು ಪರ್ಸೆಂಟ್, ಎಷ್ಟು ತಿಂಗಳು, ವೇವರ್ ಪೂರ್ತಿಯಾ ಅರ್ಧವಾ, ಹೆಲ್ತ್ ಇನ್ಶೂರೆನ್ಸ್ ಯಾರು ಕಟ್ಟುದು, ಎರಡನೇ ವರ್ಷಕ್ಕೂ ಉಂಟಾ. ವೇವರ್ ಪೂರ್ತಿ ಅಂದ್ರೂ ಸ್ಟೂಡೆಂಟ್ ಫೀ ಅಂತ ಬೇರೆಯೇ ಒಂದು ಮೊತ್ತ ಸೆಮಿಸ್ಟರಿಗೆ ಕಟ್ಲಿಕ್ಕೆ ಇರ್ತದೆ, ಅದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಬರೆಯುದಿಲ್ಲ.

ಹೋಲಿಸಿ ನೋಡುವಾಗ ಒಂದು ಕಾಗದದಲ್ಲಿ ಬರೀರಿ. ಸುಮ್ನೆ ಉದಾಹರಣೆಗೆ, ಒಂದು ಕಡೆ ವರ್ಷದ ಟ್ಯೂಷನ್ 50,000 ಡಾಲರ್, 20,000 ಸ್ಕಾಲರ್‌ಶಿಪ್. ಇನ್ನೊಂದು ಕಡೆ ಟ್ಯೂಷನ್ 30,000, ಸ್ಕಾಲರ್‌ಶಿಪ್ ಇಲ್ಲ, ಆದ್ರೆ ಪೂರ್ತಿ ವೇವರಿನ 25 ಪರ್ಸೆಂಟ್ ಅಸಿಸ್ಟೆಂಟ್‌ಶಿಪ್. ಮನೆಯಲ್ಲಿ ಎಲ್ಲರೂ ಕುಣಿದಾಡುದು ಮೊದಲನೇದಕ್ಕೆ, 20,000 ಡಾಲರ್ ಅಂದ್ರೆ ರೂಪಾಯಲ್ಲಿ ಅಷ್ಟು ದೊಡ್ಡದು ಕಾಣ್ತದಲ್ಲ. ಆದ್ರೆ ಅಲ್ಲಿ ಇನ್ನೂ 30,000 ಕೈಯಿಂದ ಹೋಗ್ಬೇಕು, ಇಲ್ಲಿ ಟ್ಯೂಷನೇ ಇಲ್ಲ.

ಡೆಡ್‌ಲೈನಿನ ವಿಷಯ. ಫಂಡಿಂಗಿಗೆ ಪರಿಗಣಿಸಬೇಕಾದ್ರೆ ಡಿಸೆಂಬರ್ ಇಲ್ಲಾ ಜನವರಿಯೊಳಗೆ ಅರ್ಜಿ ಹಾಕ್ಬೇಕು ಅಂತ ಹೆಚ್ಚಿನ ಕಡೆ ಇರ್ತದೆ, ಕೊನೇ ಡೆಡ್‌ಲೈನ್ ಬೇರೆ ಇರ್ತದೆ, ಮೊದಲನೇದನ್ನೇ ಕ್ಯಾಲೆಂಡರಲ್ಲಿ ಗುರುತು ಹಾಕಿ. ಜಿಆರ್‌ಇ ಪರೀಕ್ಷೆ ಬಹಳಷ್ಟು ಪ್ಲಾನಿಂಗ್ ಪ್ರೋಗ್ರಾಮುಗಳು ಈಗ ಕೇಳುದಿಲ್ಲ, ಆದ್ರೆ ಟೀಚಿಂಗ್ ಅಸಿಸ್ಟೆಂಟ್ ಆಗ್ಲಿಕ್ಕೆ ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಸ್ಪೀಕಿಂಗ್ ಸ್ಕೋರ್ ಅಡ್ಮಿಷನಿಗೆ ಬೇಕಾದದ್ದಕ್ಕಿಂತ ಹೆಚ್ಚು ಕೇಳ್ತಾರೆ. ಕನ್ನಡ ಮೀಡಿಯಂನಿಂದ ಬಂದವರು ಇದಕ್ಕೆ ಹೆದರ್ಬೇಡಿ, ದಿನಾ ಯಾರಾದ್ರೂ ಒಬ್ಬರ ಹತ್ರ ಇಂಗ್ಲಿಷಲ್ಲಿ ಬಾಯಿಬಿಟ್ಟು ಮಾತಾಡಿ, ಅದು ಬರೀ ಅಭ್ಯಾಸದ ವಿಷಯ. ಮತ್ತೆ ಏಪ್ರಿಲ್ 15. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸಿನ ಒಂದು ಒಪ್ಪಂದ ಉಂಟು, ಅದಕ್ಕೆ ಸೈ ಹಾಕಿದ ಯೂನಿವರ್ಸಿಟಿಗಳು ಫಂಡಿಂಗ್ ಇರುವ ಆಫರಿಗೆ ಏಪ್ರಿಲ್ 15ರ ಮೊದ್ಲು ಉತ್ತರ ಕೊಡಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಯಾರಾದ್ರೂ ಮಾರ್ಚ್ ಮೊದಲ ವಾರದಲ್ಲೇ ಹೌದಾ ಅಲ್ವಾ ಹೇಳಿ ಅಂದ್ರೆ ಈ ಒಪ್ಪಂದದ ಹೆಸರು ಹೇಳಿ ವಿನಯದಿಂದ ಸಮಯ ಕೇಳಿ. ಏಪ್ರಿಲ್ 15 ಕಳೆದ ಮೇಲೆ ಬಿಟ್ಟು ಹೋದವರ ಜಾಗ ಖಾಲಿ ಆಗ್ತದೆ, ಆ ವಾರ ಒಂದು ಮೇಲ್ ಹಾಕುದು ಮರೀಬೇಡಿ.

ಮೇಲ್ ಯಾರಿಗೆ, ಎಂತ ಬರೆಯುದು

ಇಲ್ಲಿ ನಾನು ಸ್ವಲ್ಪ ಉದ್ದ ಹೇಳ್ತೇನೆ. ಪ್ರೊಫೆಸರುಗಳಿಗೆ ಬರುವ ಮೇಲುಗಳಲ್ಲಿ ಹೆಚ್ಚಿನದ್ದು ಒಂದೇ ಅಚ್ಚಿನದ್ದು, ರೆಸ್ಪೆಕ್ಟೆಡ್ ಸರ್, ಐ ಆಮ್ ಹೈಲಿ ಇಂಟರೆಸ್ಟೆಡ್ ಅಂತ ಶುರು ಆಗಿ ರೆಸ್ಯೂಮೆ ಅಂಟಿಸಿ ಮುಗೀತದೆ. ಅದನ್ನು ಯಾರೂ ಓದುದಿಲ್ಲ. ನೀವು ಕಾಸರಗೋಡಿನವರು, ನಿಮ್ಮ ಕೈಯಲ್ಲಿ ಬೇರೆಯವರಿಗಿಲ್ಲದ ವಿಷಯ ಉಂಟು, ಅದನ್ನು ಬಿಟ್ಟು ಸಸ್ಟೈನೆಬಲ್ ಸ್ಮಾರ್ಟ್ ಸಿಟಿ ಅಂತ ಯಾಕೆ ಬರೀಬೇಕು?

ನೋಡಿ, ನಮ್ಮೂರಿನ ದೊಡ್ಡ ಆಸ್ಪತ್ರೆ ಇರುದು ಮಂಗಳೂರಲ್ಲಿ, ಅಂದ್ರೆ ಇನ್ನೊಂದು ರಾಜ್ಯದಲ್ಲಿ. 2020ರ ಮಾರ್ಚಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು, ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯ್ತು. ಪ್ಲಾನಿಂಗ್ ಓದಿದವರ ಕಣ್ಣಿಂದ ನೋಡಿದ್ರೆ ಇದು ಎರಡು ರಾಜ್ಯದ ನಡುವೆ ಹಂಚಿಹೋದ ಒಂದೇ ನಗರ ಪ್ರದೇಶ, ಎರಡೂ ಕಡೆಯ ಮಾಸ್ಟರ್ ಪ್ಲಾನಲ್ಲಿ ಗಡಿಯ ಆಚೆ ಬಿಳಿ ಜಾಗ. ಇದನ್ನು ನಾಲ್ಕು ಸಾಲಲ್ಲಿ ಬರ್ದು, ನಿಮ್ಮ ರೀಜನಲ್ ಗವರ್ನೆನ್ಸ್ ಸಂಶೋಧನೆಯಲ್ಲಿ ಇಂಥದ್ದಕ್ಕೆ ನಾನು ಈ ಕೆಲಸ ಮಾಡಬಲ್ಲೆ ಅಂತ ಹೇಳಿದ್ರೆ ಆ ವಿಷಯದ ಪ್ರೊಫೆಸರ್ ಓದ್ತಾರೆ. ಇನ್ನೂ ಉಂಟು. ತಲಪಾಡಿಯಿಂದ ಹೈವೇ 66 ಆರು ಲೇನ್ ಆದ ಮೇಲೆ ಉಪ್ಪಳ, ಕುಂಬಳೆ ಪೇಟೆ ಎರಡು ಹೋಳಾಗಿ ರಸ್ತೆ ದಾಟ್ಲಿಕ್ಕೆ ಜನ ಸುತ್ತು ಹೊಡಿಯುದು, ಅದು ಟ್ರಾನ್ಸ್‌ಪೋರ್ಟಿನವರಿಗೆ. ಕಡಲ್ಕೊರೆತ, ಕೋಸ್ಟಲ್ ಝೋನಿನ ಮನೆಗಳು, ಅದು ಎನ್ವಿರಾನ್‌ಮೆಂಟಿನವರಿಗೆ. ಮುರಕಲ್ಲಿನ ಗುಡ್ಡದೊಳಗಿನ ಸುರಂಗದ ನೀರು, ಅದು ನೀರಿನ ವಿಷಯದವರಿಗೆ. ಎಂಡೋಸಲ್ಫಾನ್ ಕೀಟನಾಶಕದಿಂದ ತೊಂದರೆಯಾದ ಪಂಚಾಯತುಗಳು, ಪ್ರಭಾಕರನ್ ಆಯೋಗದ ವರದಿಯಿಂದ ಬಂದ ಕಾಸರಗೋಡು ಡೆವಲಪ್‌ಮೆಂಟ್ ಪ್ಯಾಕೇಜು, ಅದು ರೀಜನಲ್ ಪ್ಲಾನಿಂಗಿನವರಿಗೆ. ಒಬ್ಬರಿಗೆ ಒಂದೇ ವಿಷಯ ಬರೀರಿ, ಎಲ್ಲವನ್ನೂ ಒಂದೇ ಮೇಲಿಗೆ ತುಂಬಿಸ್ಬೇಡಿ.

ಆದ್ರೆ ವಿಷಯ ಮಾತ್ರ ಸಾಕಾಗುದಿಲ್ಲ, ಅಸಿಸ್ಟೆಂಟ್ ಅಂದ್ರೆ ಕೆಲಸದ ಆಳು, ಕೈಗೆ ಬರುವ ವಿದ್ಯೆ ಬೇಕು. ಪ್ಲಾನಿಂಗಲ್ಲಿ ಹೆಚ್ಚು ಬೇಡಿಕೆ ಇರುದು ಜಿಐಎಸ್ಸಿಗೆ. ಆರ್ಕ್‌ಜಿಐಎಸ್ ಲೈಸೆನ್ಸ್ ಇಲ್ಲ ಅಂತ ಕೂರ್ಬೇಡಿ, ಕ್ಯೂಜಿಐಎಸ್ ಸಾಫ್ಟ್‌ವೇರ್ ಫ್ರೀ, ಓಪನ್ ಸ್ಟ್ರೀಟ್ ಮ್ಯಾಪಿನ ಡೇಟಾ ಫ್ರೀ. ನಿಮ್ಮ ಪಂಚಾಯತಿನ ಬಸ್‌ಸ್ಟಾಪುಗಳನ್ನು ಗುರುತು ಮಾಡಿ, ಪ್ರೈಮರಿ ಹೆಲ್ತ್ ಸೆಂಟರಿಂದ ನಡೆದು ಹೋಗುವಷ್ಟು ದೂರದಲ್ಲಿ ಎಷ್ಟು ಮನೆ ಉಂಟು ಅಂತ ಒಂದು ಮ್ಯಾಪ್ ಮಾಡಿ, ಆ ಒಂದು ಮ್ಯಾಪಿನ ಲಿಂಕ್ ಮೇಲಲ್ಲಿ ಹಾಕಿ. ಆಮೇಲೆ ಆರ್ ಇಲ್ಲಾ ಪೈಥಾನ್ ಪ್ರೋಗ್ರಾಮಿಂಗ್ ಸ್ವಲ್ಪ, ಸೆನ್ಸಸ್ ಟೇಬಲ್ ಬಿಡಿಸಿ ಓದುವ ಅಭ್ಯಾಸ. ಮತ್ತೆ ನಾಲ್ಕೈದು ಭಾಷೆ ಮಾತಾಡಿ ಮನೆ ಮನೆಗೆ ಹೋಗಿ ಸರ್ವೆ ಮಾಡಿದ ಅನುಭವ ಇದ್ರೆ ಅದನ್ನು ಬರೀರಿ, ಕನ್ನಡ, ತುಳು, ಮಲಯಾಳ, ಮರಾಠಿ, ಬ್ಯಾರಿ ಅಂತ ಬೆರಳು ಮಡಚುದು ನಮಗೆ ಮಾಮೂಲಿ, ಸಮುದಾಯದ ನಡುವೆ ಕೆಲಸ ಮಾಡುವ ಪ್ರೊಫೆಸರಿಗೆ ಅದು ಮಾಮೂಲಿ ಅಲ್ಲ.

ಡಿಪಾರ್ಟ್‌ಮೆಂಟಲ್ಲಿ ಇಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ. ಯೂನಿವರ್ಸಿಟಿ ಅಂದ್ರೆ ಅದೇ ಒಂದು ಸಣ್ಣ ಪೇಟೆ, ಅದಕ್ಕೆ ಪಾರ್ಕಿಂಗ್ ಆಂಡ್ ಟ್ರಾನ್ಸ್‌ಪೋರ್ಟೇಶನ್ ಆಫೀಸು, ಕ್ಯಾಂಪಸ್ ಫೆಸಿಲಿಟೀಸ್ ಪ್ಲಾನಿಂಗ್, ಲೈಬ್ರರಿಯ ಮ್ಯಾಪ್ ವಿಭಾಗ, ಹೌಸಿಂಗ್, ಎಕ್ಸ್‌ಟೆನ್ಶನ್ ಆಫೀಸು ಎಲ್ಲ ಉಂಟು, ಅವುಗಳಲ್ಲೂ ಗ್ರಾಜುಯೇಟ್ ಅಸಿಸ್ಟೆಂಟ್ ತಗೊಳ್ತಾರೆ, ವೇವರೂ ಹಲವು ಕಡೆ ಅದೇ ರೀತಿ. ಪ್ಲಾನಿಂಗ್ ವಿದ್ಯಾರ್ಥಿಗಳಿಗೆ ಈ ಆಫೀಸುಗಳು ಬೇರೆ ಡಿಪಾರ್ಟ್‌ಮೆಂಟಿನವರಿಗಿಂತ ಸುಲಭ. ಅಡ್ಮಿಷನ್ ಆದ ಮೇಲೆ ಯೂನಿವರ್ಸಿಟಿಯ ಅಸಿಸ್ಟೆಂಟ್‌ಶಿಪ್ ಪಟ್ಟಿಯನ್ನು ಮೇ ತಿಂಗಳಿಂದಲೇ ವಾರಕ್ಕೊಮ್ಮೆ ನೋಡಿ.

ಸಂಬಳ ಬಂದ ಮೇಲೆ ಟ್ಯಾಕ್ಸ್. ಎಫ್-1ನವರಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಶಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ (ಅಲ್ಲಿಯ ಪಿಂಚಣಿ, ಆರೋಗ್ಯದ ತೆರಿಗೆ) ಕಡಿತ ಇಲ್ಲ, ಪೇ ಸ್ಲಿಪ್ಪಲ್ಲಿ ಕಡಿದಿದ್ರೆ ಹೋಗಿ ಕೇಳಿ. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶದ ಟ್ಯಾಕ್ಸ್ ಒಪ್ಪಂದದ 21ನೇ ಕಲಮಿನಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಒಂದು ಮೊತ್ತದ ತನಕ ಟ್ಯಾಕ್ಸ್ ಇಲ್ಲ) ಸಿಗ್ತದೆ, ಬೇರೆ ಹೆಚ್ಚಿನ ದೇಶದವರಿಗೆ ಇದು ಇಲ್ಲ. ರಿಟರ್ನ್ ತುಂಬುವಾಗ ಇದನ್ನು ಬಿಟ್ರೆ ನಿಮ್ಮದೇ ನಷ್ಟ.

ನಾಲ್ಕನೇದು: ಹೊರಗಿನ ಫೆಲೋಶಿಪ್ಪುಗಳು

ಅಮೆರಿಕಕ್ಕೆ ಹೋಗುವವರ ಫುಲ್‌ಬ್ರೈಟ್ ನೆಹರೂ ಮಾಸ್ಟರ್ಸ್ ಫೆಲೋಶಿಪ್ಪಿನ ವಿಷಯಗಳ ಪಟ್ಟಿಯಲ್ಲಿ ಅರ್ಬನ್ ಆಂಡ್ ರೀಜನಲ್ ಪ್ಲಾನಿಂಗ್ ಹೆಸರು ಹಾಕಿಯೇ ಉಂಟು. ಕನಿಷ್ಠ 55 ಪರ್ಸೆಂಟ್ ಮಾರ್ಕು, ಮೂರು ವರ್ಷ ಫುಲ್ ಟೈಮ್ ಸಂಬಳದ ಕೆಲಸದ ಅನುಭವ, ಡಿಗ್ರಿ ನಾಲ್ಕು ವರ್ಷಕ್ಕೆ ಸಮ ಇರ್ಬೇಕು, ಮತ್ತೆ ಮುಗಿಸಿ ಭಾರತಕ್ಕೆ ವಾಪಸ್ ಬರ್ಬೇಕು. ಕೆಲಸಕ್ಕೆ ಸೇರಿದವರು ಇದಕ್ಕೆ ಮನಸ್ಸು ಮಾಡಿ. ಬ್ರಿಟನ್ನಿಗೆ ಚೀವನಿಂಗ್ ಸ್ಕಾಲರ್‌ಶಿಪ್, ಅದಕ್ಕೆ 2,800 ಗಂಟೆ ಕೆಲಸದ ಅನುಭವ ಬೇಕು, ಅಂದ್ರೆ ಸುಮಾರು ಎರಡು ವರ್ಷ.

ಜರ್ಮನಿ ನಮ್ಮವರು ಎಂಜಿನಿಯರಿಂಗಿಗೆ ಮಾತ್ರ ಅಂತ ತಿಳ್ಕೊಂಡಿದ್ದಾರೆ. ಡಾರ್ಟ್‌ಮುಂಡ್ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ ಸ್ಪ್ರಿಂಗ್ ಅಂತ ಒಂದು ಪ್ಲಾನಿಂಗ್ ಮಾಸ್ಟರ್ಸ್ ಉಂಟು, ನಮ್ಮಂಥ ದೇಶಗಳ ಪ್ಲಾನರುಗಳಿಗೆಂದೇ ಇರುವಂಥದ್ದು, ಅದಕ್ಕೆ ಜರ್ಮನಿಯ ಡಾಡ್ (DAAD) ಸಂಸ್ಥೆಯ ಈಪೋಸ್ (EPOS) ಸ್ಕಾಲರ್‌ಶಿಪ್. ಕನಿಷ್ಠ ಎರಡು ವರ್ಷದ ಅನುಭವ ಬೇಕು, ಕೊನೆಯ ಡಿಗ್ರಿ ಆರು ವರ್ಷಕ್ಕಿಂತ ಹಳತಾಗಿರ್ಬಾರ್ದು. ಯುರೋಪಲ್ಲೇ ಎರಾಸ್ಮಸ್ ಮುಂಡುಸ್ ಸ್ಕಾಲರ್‌ಶಿಪ್ ಸಿಕ್ಕಿದ್ರೆ ತಿಂಗಳಿಗೆ 1,400 ಯೂರೋ, ಫೀಸೂ ಇಲ್ಲ, ಅದರ ಕೋರ್ಸುಗಳ ಕ್ಯಾಟಲಾಗಲ್ಲಿ ಅರ್ಬನ್ ಅಂತ ಹುಡುಕಿ ನೋಡಿ.

ಎಸ್‌ಸಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೃಷಿ ಕೂಲಿಯವರ ಮಕ್ಕಳು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡ್ಲೇಬೇಕು, ಆದಾಯ 8 ಲಕ್ಷದೊಳಗೆ, 60 ಪರ್ಸೆಂಟ್ ಮಾರ್ಕು, ವಯಸ್ಸು 35ರ ಒಳಗೆ. ಇದು ಸಿಕ್ಕಿದ್ರೆ ಮೇಲೆ ಹೇಳಿದ ಅಸಿಸ್ಟೆಂಟ್‌ಶಿಪ್ಪಿನ ತಲೆಬಿಸಿಯೇ ಬೇಡ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಇರುವಂಥದ್ದು, ಹೆಸರಲ್ಲಿ ಸ್ಕಾಲರ್‌ಶಿಪ್ ಇದ್ರೂ ಅದು ಲೋನು, ಮರೀಬೇಡಿ.

ಕೊನೇದು: ಬ್ಯಾಂಕು

ಇಷ್ಟಾಗಿ ಉಳಿದ ಮೊತ್ತಕ್ಕೆ ಲೋನ್. ಭಾರತದಲ್ಲಿ ಓದುದಾದ್ರೆ ಮೊದ್ಲು ಪಿಎಂ ವಿದ್ಯಾಲಕ್ಷ್ಮಿ ಲೋನ್ ಯೋಜನೆ ನೋಡಿ, 2024ರ ನವೆಂಬರಲ್ಲಿ ಕೇಂದ್ರ ಮಂಜೂರು ಮಾಡಿದ್ದು, ಕಾಲೇಜುಗಳ ಎನ್‌ಐಆರ್‌ಎಫ್ ರ‍್ಯಾಂಕ್ ನೋಡಿ ಆರಿಸಿದ 860 ಸಂಸ್ಥೆಗಳಿಗೆ ಅಂತ ಶುರು ಆಯ್ತು. ಜಾಮೀನು, ಅಡವು ಎರಡೂ ಇಲ್ಲ. ಆದಾಯ 8 ಲಕ್ಷದ ತನಕ ಇದ್ದವರಿಗೆ 10 ಲಕ್ಷದ ತನಕದ ಲೋನಿಗೆ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿ. ಬೇರೆ ಲೋನುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಲಕ್ಷದ ತನಕ ಮಾರ್ಜಿನ್ (ನಾವು ಕೈಯಿಂದ ಹಾಕುವ ಪಾಲು) ಇಲ್ಲ, ಏಳೂವರೆ ಲಕ್ಷದ ತನಕ ಅಡವು ಕೇಳ್ಬಾರ್ದು, ಅದರ ಮೇಲೆ ಹೋದ್ರೆ ಜಾಗದ ವಿಷಯ ಬರ್ತದೆ.

ಜಾಗದ ವಿಷಯದಲ್ಲಿ ನಮ್ಮವರಿಗೆ ಬ್ಯಾಂಕಲ್ಲಿ ಆಶ್ಚರ್ಯ ಕಾದಿರ್ತದೆ. ಎರಡು ಎಕರೆ ಅಡಿಕೆ ತೋಟ ಉಂಟಲ್ಲ ಸಾರ್, ಅದಕ್ಕಿಂತ ಎಂತ ಬೇಕು ಅಂತ ಅಪ್ಪ ಕೇಳ್ತಾರೆ, ಮ್ಯಾನೇಜರ್ ತಲೆ ಅಲ್ಲಾಡಿಸ್ತಾರೆ. ಕಾರಣ ಸಾಲ ವಸೂಲಿಗೆ ಇರುವ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್, ಕೃಷಿ ಭೂಮಿಯನ್ನು ಆ ಕಾಯ್ದೆಯಲ್ಲಿ ಬ್ಯಾಂಕ್ ವಶ ಮಾಡಿಕೊಳ್ಳುವ ಹಾಗಿಲ್ಲ, ಹಾಗಾಗಿ ಎಜುಕೇಶನ್ ಲೋನಿಗೆ ಅದನ್ನು ಅಡವು ತಗೊಳ್ಳಿಕ್ಕೆ ಮನಸ್ಸು ಮಾಡುದಿಲ್ಲ. ವಿಲ್ಲೇಜ್ ಆಫೀಸಿನ ದಾಖಲೆಯಲ್ಲಿ ಮನೆ ಇರುವ ಜಾಗ ಪುರಯಿಡಂ (ಮನೆ ಹಿತ್ತಿಲು) ಅಂತ ಉಂಟಾ, ನಿಲಂ (ಗದ್ದೆ) ಅಂತ ಉಂಟಾ, ತೋಟ್ಟಂ (ತೋಟ) ಅಂತ ಉಂಟಾ ನೋಡಿ. ಪುರಯಿಡಂ ಆದ್ರೆ ಕೆಲಸ ಸುಲಭ. ಮನೆ ಕಟ್ಟಿ ಮೂವತ್ತು ವರ್ಷ ಆಗಿದ್ರೂ ದಾಖಲೆಯಲ್ಲಿ ನಿಲಂ ಅಂತ ಉಳಿದಿದ್ರೆ ಅದನ್ನು ಬದಲಾಯಿಸ್ಲಿಕ್ಕೆ ತಿಂಗಳುಗಳು ಬೇಕು, ಸೀಟು ಸಿಕ್ಕಿದ ಮೇಲೆ ಶುರು ಮಾಡಿದ್ರೆ ಆಗುದಿಲ್ಲ. ಜಾಗದ ಆಧಾರ ಪತ್ರ, ಈ ವರ್ಷದ ತೆರಿಗೆ ರಶೀದಿ, ಪೊಸೆಷನ್ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್, ಎನ್‌ಕಂಬರೆನ್ಸ್ ಸರ್ಟಿಫಿಕೇಟ್, ಇಷ್ಟು ಒಂದು ಫೈಲಲ್ಲಿ ಇರ್ಲಿ. ಜಾಗ ಇನ್ನೂ ಅಜ್ಜನ ಹೆಸರಲ್ಲಿದ್ರೆ, ನಮ್ಮ ಕಡೆ ಅರ್ಧ ಜಾಗ ಹಾಗೇ ಅಲ್ವಾ, ಮೊದ್ಲು ಅದರ ಪಾಲು ಆಗ್ಬೇಕು.

ಬಡ್ಡಿ ಮೊದಲ ದಿನದಿಂದಲೇ ಓಡ್ತದೆ, ಕಟ್ಲಿಕ್ಕೆ ಶುರು ಮಾಡುದು ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಆದ್ರೂ. ಸ್ಟೈಪೆಂಡ್ ಬರುವವರು ತಿಂಗಳು ತಿಂಗಳು ಬಡ್ಡಿ ಮಾತ್ರ ಕಟ್ಟಿದ್ರೆ ಕೊನೆಗೆ ಹೊರೆ ಎಷ್ಟೋ ಕಡಿಮೆ. ಫಾರಿನ್ನಿಗೆ ಬ್ಯಾಂಕ್ ಲೋನಿನ ದುಡ್ಡು ಕಳಿಸುವಾಗ 2025ರ ಏಪ್ರಿಲಿಂದ ಟಿಸಿಎಸ್ ಅನ್ನುವ ತೆರಿಗೆ ಕಡಿತ ಇಲ್ಲ, ಕಟ್ಟಿದ ಬಡ್ಡಿಗೆ ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಎಂಟು ವರ್ಷ ಟ್ಯಾಕ್ಸ್ ವಿನಾಯಿತಿ.

ಈಗಾಗ್ಲೇ ಮೊದಲ ವರ್ಷದಲ್ಲಿ ಇರುವವರಿಗೆ ಇಷ್ಟು: ಎರಡನೇ ವರ್ಷದ ಅಸಿಸ್ಟೆಂಟ್‌ಶಿಪ್ ಯಾರಿಗೆ ಅನ್ನುದು ಮೊದಲ ವರ್ಷದ ಸ್ಟುಡಿಯೋ ನೋಡಿಯೇ ಪ್ರೊಫೆಸರ್ ತೀರ್ಮಾನ ಮಾಡ್ತಾರೆ, ಹಾಗಾಗಿ ಎರಡನೇ ಸೆಮಿಸ್ಟರ್ ಮುಗಿಯುವ ಮೊದ್ಲೇ ಬಾಯಿಬಿಟ್ಟು ಕೇಳಿ. ಥೀಸಿಸ್ ಊರಿನ ಮೇಲೆ ಮಾಡುದಾದ್ರೆ ಕಾಸರಗೋಡು, ಕಾಞಂಗಾಡ್, ನೀಲೇಶ್ವರ ಮೂರು ಮುನ್ಸಿಪಾಲಿಟಿ ಉಂಟು, ಜಿಲ್ಲಾ ಟೌನ್ ಪ್ಲಾನರ್ ಆಫೀಸಿಗೆ ಕಾಲೇಜಿನ ಲೆಟರ್ ಹಿಡ್ಕೊಂಡು ಹೋಗಿ ಡೇಟಾ ಕೇಳಿ. ಕೋರ್ಸ್ ಮುಗಿದ ಮೇಲೆ ಕೆಲಸ ಸಿಗುವ ತನಕ ನಗರಸಭೆಗಳಲ್ಲಿ ಇಂಟರ್ನ್ ಆಗ್ಲಿಕ್ಕೆ ಕೇಂದ್ರದ ಟುಲಿಪ್ ಅಂತ ಒಂದು ಯೋಜನೆ 2020ರಿಂದ ಉಂಟು, ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡ್ಬೇಕು, ಸ್ಟೈಪೆಂಡ್ ಎಷ್ಟು ಅಂತ ಪ್ರತಿ ಪೋಸ್ಟಲ್ಲಿ ಬರೆದಿರ್ತದೆ, ನೋಡಿ ಹಾಕಿ.